ಚಡಾವು ಹತ್ತುವ ಸೈಕಲ್ಲಿಗೆ ಮೋಟಾರು ಎಲ್ಲಿರಬೇಕು?

ಗೆಳೆಯರೇ, ನಮ್ಮ ಮನೆಗೆ ಇಳಿಯುವ ಮಣ್ಣಿನ ದಾರಿ ನಿಮಗೆಲ್ಲಾ ಗೊತ್ತೇ ಇದೆ. ಡೈರಿ ಇರುವುದು ಮೇಲೆ ಟಾರು ರಸ್ತೆಯಲ್ಲಿ. ನಮ್ಮ ಕೊಟ್ಟಿಗೆ ಇರುವುದು ಕೆಳಗೆ ತೋಟದ ಪಕ್ಕ. ನಡುವೆ ಒಂದು ಕಿಲೋಮೀಟರ್ ಚಡಾವು. ಏಳು ಗಂಟೆ ದಾಟಿದರೆ ಡೈರಿಯಲ್ಲಿ ಹಾಲು ತಗೊಳ್ಳಲ್ಲ. ಅಮ್ಮನಿಗೆ ಮಂಡಿನೋವು ಶುರುವಾದ ಮೇಲೆ ಅಣ್ಣನೇ 20 ಲೀಟರ್ ಕ್ಯಾನನ್ನು ತನ್ನ ಗೇರ್ ಸೈಕಲ್ಲಿಗೆ ಕಟ್ಟಿಕೊಂಡು ಅರ್ಧ ತುಳಿದು ಅರ್ಧ ತಳ್ಳಿ ಒಯ್ಯುತ್ತಿದ್ದ. ಆ ಸೈಕಲ್ಲಿಗೆ ಮೋಟಾರು ಹಾಕಿದ್ದನ್ನು ಈ ಸಲ ಬರೆಯುತ್ತಿದ್ದೇನೆ. ಹಾಕಿದ್ದು ಒಂದು ಸಲ ಅಲ್ಲ, ಎರಡು ಸಲ. ಮೊದಲನೆಯದು ಸುಟ್ಟುಹೋಯಿತು.

ಮೊದಲನೆಯದು ಹಿಂದಿನ ಚಕ್ರದ ಹಬ್ಬಿನೊಳಗೇ ಕೂತಿರುವ ಮೋಟಾರು. ಇದು ಹೊಸ ವಿಚಾರವೇನಲ್ಲ. ಅಮೆರಿಕದ ಆಗ್ಡನ್ ಬೋಲ್ಟನ್ ಎಂಬುವರು 1895ರಲ್ಲಿಯೇ ಇಂಥ ಸೈಕಲ್ಲಿಗೆ ಪೇಟೆಂಟ್ ಪಡೆದಿದ್ದರು. ಹಾಕುವುದೂ ಸುಲಭ. ಹಳೇ ಚಕ್ರ ತೆಗೆದು ಮೋಟಾರಿನ ಚಕ್ರ ಕೂರಿಸಿ, ವೈರು ಜೋಡಿಸಿದರೆ ಮುಗಿಯಿತು. ಟಾರು ರಸ್ತೆಯಲ್ಲಿ ಜುಯ್ಯಂತ ಹೋಗುತ್ತಿತ್ತು. ಅಣ್ಣ ನನ್ನನ್ನೂ ಕೂರಿಸಿಕೊಂಡು ಒಂದು ಸುತ್ತು ಹೊಡೆಸಿದ್ದ. ಮೂರನೇ ವಾರ, ಚಡಾವಿನ ಮಧ್ಯದಲ್ಲಿ ರಬ್ಬರ್ ಸುಟ್ಟ ವಾಸನೆ ಬಂತು, ಸೈಕಲ್ ನಿಂತಿತು. ಬಿಚ್ಚಿ ನೋಡಿದರೆ ಒಳಗಿನ ತಾಮ್ರದ ಸುರುಳಿ ಕಪ್ಪಾಗಿತ್ತು. ಅದು ಅಡಿಕೆ ಕೊಯ್ಲಿನಲ್ಲಿ ದುಡಿದ ಕೂಲಿಯ ದುಡ್ಡು. ಅಣ್ಣ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಂಗಡಿಯವನು ಮೋಸ ಮಾಡಿದ ಅಂತ ಬೈದ. ಆದರೆ ಮೋಸ ಆಗಿರಲಿಲ್ಲ, ಲೆಕ್ಕ ತಪ್ಪಿತ್ತು. ಆ ಲೆಕ್ಕವನ್ನು ನಮ್ಮ ವಿಜ್ಞಾನದ ಮೇಷ್ಟ್ರು ಹಲಗೆಯ ಮೇಲೆ ಮಾಡಿ ತೋರಿಸಿದರು.

ಅಣ್ಣ 60 ಕೆ.ಜಿ., ಸೈಕಲ್ಲು ಮೋಟಾರು ಬ್ಯಾಟರಿ ಸೇರಿ 25, ಹಾಲು 20. ಒಟ್ಟು 105 ಕೆ.ಜಿ. ನಮ್ಮ ಚಡಾವಿನ ಎತ್ತರ ಸುಮಾರು 100 ಮೀಟರ್. ನಮ್ಮ ಪಾಠದಲ್ಲಿರುವಂತೆ ರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ 1,02,900 ಜೌಲ್ ಕೆಲಸ. ಇದನ್ನು 10 ನಿಮಿಷದಲ್ಲಿ ಮಾಡಬೇಕಾದರೆ ಸುಮಾರು 170 ವ್ಯಾಟ್ ಸಾಮರ್ಥ್ಯ ಬೇಕು. ಮಣ್ಣುದಾರಿಯಲ್ಲಿ ಟಯರು ಉರುಳುವುದಕ್ಕೇ ಇನ್ನೊಂದು 50. ಮಾವಿನ ಮರದ ಹತ್ತಿರ ತೀರಾ ಕಡಿದಾಗಿದೆಯಲ್ಲ, ಅಲ್ಲಿ 300 ವ್ಯಾಟ್ ಹತ್ತಿರ ಬೇಕು. ಗಟ್ಟಿ ಆಳು ನಿಲ್ಲಿಸದೆ ತುಳಿದರೆ ಕೊಡುವುದು ಸುಮಾರು 100 ವ್ಯಾಟ್. ಮಿಕ್ಕಿದ್ದು ಮೋಟಾರು ಕೊಡಬೇಕು. 250 ವ್ಯಾಟಿನ ಮೋಟಾರಿಗೆ ಇದು ಸಾಧ್ಯವೇ.

ಹಾಗಾದರೆ ಸುಟ್ಟಿದ್ದು ಯಾಕೆ? ಹಬ್ಬಿನ ಮೋಟಾರಿಗೆ ಸೈಕಲ್ಲಿನ ಗೇರು ಉಪಯೋಗಕ್ಕೆ ಬರುವುದಿಲ್ಲ. ಚಕ್ರ ಎಷ್ಟು ನಿಧಾನವೋ ಅದೂ ಅಷ್ಟೇ ನಿಧಾನ. 26 ಇಂಚಿನ ಚಕ್ರ ಗಂಟೆಗೆ 25 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ 200 ಸುತ್ತು ತಿರುಗುತ್ತದೆ. ಮೋಟಾರು ಮಾಡಿರುವುದು ಆ ವೇಗಕ್ಕೆ. ನಮ್ಮ ಚಡಾವಿನಲ್ಲಿ 6 ಕಿ.ಮೀ. ವೇಗ, ಅಂದರೆ ಬರೀ 48 ಸುತ್ತು. ಮೋಟಾರು ಜೋರಾಗಿ ತಿರುಗುವಾಗ ತನ್ನೊಳಗೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸಿ ಬ್ಯಾಟರಿಯ ಕರೆಂಟನ್ನು ತಡೆಯುತ್ತಿರುತ್ತದೆ. ನಿಧಾನವಾದರೆ ಆ ತಡೆ ಕಡಿಮೆಯಾಗಿ ಕರೆಂಟು ನುಗ್ಗುತ್ತದೆ. ಕರೆಂಟು ಎರಡರಷ್ಟಾದರೆ ತಂತಿಯ ಶಾಖ ನಾಲ್ಕರಷ್ಟು. (ಹತ್ತನೇ ತರಗತಿಯವರು ಇದನ್ನು ಪರೀಕ್ಷೆಗೆ ಓದಿರುತ್ತೀರಿ.) ದಿನಾ ಎರಡು ಹೊತ್ತು ಹಾಗೆ ಕಾದೂ ಕಾದೂ ಸುರುಳಿ ಬೆಂದುಹೋಯಿತು.

ಎರಡನೆಯದನ್ನು ಪೆಡಲ್ ಇರುವ ಜಾಗದಲ್ಲೇ ಕೂರಿಸಿದೆವು. ಈ ಮೋಟಾರಿನ ಬಲ ಚೈನಿನ ಮೂಲಕ, ಹಿಂದಿನ ಹಲ್ಲುಗಳ ಮೂಲಕ ಚಕ್ರಕ್ಕೆ ಹೋಗುತ್ತದೆ. ಮುಂದೆ 32 ಹಲ್ಲು, ಹಿಂದೆ ದೊಡ್ಡದು 34 ಹಲ್ಲು. ಚಡಾವಿನಲ್ಲಿ ದೊಡ್ಡದಕ್ಕೆ ಹಾಕಿದರೆ ಚಕ್ರ ನಿಧಾನ ಇದ್ದರೂ ಮೋಟಾರು ತನಗೆ ಒಗ್ಗುವ ವೇಗದಲ್ಲೇ ಇರುತ್ತದೆ. ಬಸ್ಸಿನ ಡ್ರೈವರು ಘಾಟಿಯಲ್ಲಿ ಫಸ್ಟ್ ಗೇರ್ ಹಾಕುವುದೂ ಇದಕ್ಕೇ.

ಕೂರಿಸುವುದಕ್ಕೆ ಒಂದು ಭಾನುವಾರ ಪೂರ್ತಿ ಹಿಡಿಯಿತು. ಪೆಡಲ್ ಕೋಲು ತೆಗೆದು, ಅಡ್ಡ ಕೊಳವೆಯೊಳಗಿನ ಬೇರಿಂಗ್ ಬಿಚ್ಚಿ, ಅದೇ ತೂತಿನಲ್ಲಿ ಮೋಟಾರನ್ನು ತೂರಿಸಿ ನಟ್ಟು ಬಿಗಿಯಬೇಕು. ಕೊಳವೆಯ ಅಗಲ 68 ಮಿ.ಮೀ.ಯೋ 73 ಮಿ.ಮೀ.ಯೋ ಅಂತ ಅಳೆದೇ ಮೋಟಾರು ತರಿಸಬೇಕು. ಚೈನಿನ ಕಡೆಯ ಮರೆ ಉಲ್ಟಾ ಇರುತ್ತದೆ. ಅದು ಗೊತ್ತಿಲ್ಲದೆ ನಾವಿಬ್ಬರೂ ಒಂದು ಗಂಟೆ ಬಿಚ್ಚುತ್ತಿದ್ದೇವೆ ಅಂದುಕೊಂಡು ಬಿಗಿಯುತ್ತಿದ್ದೆವು!

ಬ್ಯಾಟರಿ ಲಿಥಿಯಂದು, 36 ವೋಲ್ಟ್ 13 ಆಂಪಿಯರ್-ಅವರ್. ಗುಣಿಸಿದರೆ 468 ವ್ಯಾಟ್-ಅವರ್, ಅಂದರೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಕಡಿಮೆ. ನಾವೂ ತುಳಿದರೆ ಒಂದು ಸಲ ಹತ್ತಲು ಸುಮಾರು 30 ಖರ್ಚು. ನಾವು ನಾಲ್ಕು ದಿನಕ್ಕೊಮ್ಮೆ ಚಾರ್ಜಿಗೆ ಹಾಕುತ್ತೇವೆ. ಅದರದ್ದೇ 42 ವೋಲ್ಟಿನ ಚಾರ್ಜರು ಬಿಟ್ಟು ಬೇರೆಯದನ್ನು ಚುಚ್ಚಬಾರದು, ಬೆಂಕಿ ಹತ್ತಬಹುದು. ಅಮ್ಮ ಅದನ್ನು ಮಲಗುವ ಕೋಣೆಯಲ್ಲಿ ಇಡಲು ಬಿಡುವುದಿಲ್ಲ. ಅಮ್ಮ ಹೇಳುವುದೇ ಸರಿ.

ಅಣ್ಣನಿಗೆ 750 ವ್ಯಾಟಿನದನ್ನೇ ತರುವ ಆಸೆ ಇತ್ತು. ಮೇಷ್ಟ್ರು ಬೇಡ ಅಂದರು. ಮೋಟಾರು 250 ವ್ಯಾಟಿನೊಳಗೆ, ವೇಗ 25 ಕಿ.ಮೀ. ಒಳಗೆ ಇದ್ದರೆ ಮಾತ್ರ ಕಾನೂನಿನಲ್ಲಿ ಅದು ಸೈಕಲ್ಲು. ಮೀರಿದರೆ ಮೋಟಾರು ವಾಹನ, ನೋಂದಣಿ ಲೈಸೆನ್ಸು ಎಲ್ಲಾ ಬೇಕು.

ಇದರಲ್ಲೂ ತೊಂದರೆ ಇಲ್ಲದಿಲ್ಲ. ಮೋಟಾರಿನ ಬಲವೆಲ್ಲಾ ಚೈನಿನ ಮೇಲೆಯೇ ಬೀಳುವುದರಿಂದ ಚೈನು ಬೇಗ ಸವೆಯುತ್ತದೆ. ಗೇರು ಬದಲಿಸುವಾಗ ಒಂದು ಕ್ಷಣ ಮೋಟಾರು ನಿಲ್ಲಿಸಲೇಬೇಕು. ಬ್ರೇಕನ್ನು ತುಸು ಹಿಡಿದರೆ ಮೋಟಾರು ತಾನೇ ಕಟ್ ಆಗುತ್ತದೆ. ಇದನ್ನು ಮರೆತು ನಾನೇ ಒಂದು ದಿನ ಮಾವಿನ ಮರದ ಹತ್ತಿರ ಗೇರು ಎಳೆದೆ. ಚೈನು ತುಂಡಾಗಿ, ಸೈಕಲ್ ವಾಲಿ, ಹಾಲೆಲ್ಲಾ ಚರಂಡಿ ಪಾಲು. ಆವತ್ತು ಡೈರಿ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಸೊನ್ನೆ. ಅಮ್ಮ ಬೈಯಲಿಲ್ಲ, ಅದೇ ನನಗೆ ಕಷ್ಟವಾಯಿತು.

ಅಣ್ಣ ಈಗ ಶಿವಮೊಗ್ಗದಲ್ಲಿ ಕೆಲಸಕ್ಕೆ ಸೇರಿದ್ದಾನೆ. ಬೆಳಿಗ್ಗೆ ಹಾಲು ಒಯ್ಯುವುದು ನಾನೇ. ಇಳಿಜಾರಿನಲ್ಲಿ ಈ ಮೋಟಾರು ಸೈಕಲ್ಲನ್ನು ತಡೆಯುವುದಿಲ್ಲ, ಹಿಂದಿನ ಫ್ರೀವೀಲ್ ಸುಮ್ಮನೆ ತಿರುಗುತ್ತದೆ. ಭಾರವೂ ಜಾಸ್ತಿ. ಅದಕ್ಕೆ ವಾರಕ್ಕೊಮ್ಮೆ ಬ್ರೇಕ್ ಪ್ಯಾಡು ನೋಡುತ್ತೇನೆ. ಮಳೆಗಾಲಕ್ಕೆ ಮೊದಲು ವೈರು ಜೋಡಣೆಗಳಿಗೆ ಗ್ರೀಸ್ ಹಚ್ಚಿ ಪ್ಲಾಸ್ಟಿಕ್ ಸುತ್ತುವುದು ಬಾಕಿ ಇದೆ. ಮೋಟಾರು ನೋಡಬೇಕೆನ್ನುವವರು ಈ ಭಾನುವಾರ ನಮ್ಮ ಮನೆಗೆ ಬನ್ನಿ, ಯಾರ ಮನೆಯಲ್ಲಾದರೂ 8 ನಂಬರ್ ಸ್ಪ್ಯಾನರ್ ಇದ್ದರೆ ತನ್ನಿ. ನಮ್ಮದು ತೋಟದಲ್ಲಿ ಎಲ್ಲೋ ಬಿದ್ದುಹೋಗಿದೆ.

– 9ನೇ ತರಗತಿ ವಿದ್ಯಾರ್ಥಿನಿ