ಆಸ್ಪತ್ರೆಯಿಂದ ನೇರ ಬಸ್ಸಿಗೆ ಬೇಡ

ಊರಿನಲ್ಲಿರುವ ತಂದೆತಾಯಿ ಮಂಗಳೂರಿಗೆ ಬರುವುದು ಯಾವಾಗ? ಒಂದೋ ಮದುವೆಗೆ, ಇಲ್ಲದಿದ್ದರೆ ಆಸ್ಪತ್ರೆಗೆ. ಪೇಟೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ನಮ್ಮಂಥವರ ಹೆಚ್ಚಿನ ಮನೆಗಳಲ್ಲಿ ಇದೇ ಕಥೆ. ಕಳೆದ ತಿಂಗಳು ನಮ್ಮ ಉಪ್ಪ, ಉಮ್ಮ ಬೆಳ್ತಂಗಡಿ ಕಡೆಯಿಂದ ಬಂದದ್ದೂ ಹಾಗೆಯೇ. ಉಪ್ಪನ ಕಣ್ಣಿನ ಪೊರೆಯ ಆಪರೇಶನ್ ಆಗಿ ಎರಡು ತಿಂಗಳಾಗಿತ್ತು. ಡಾಕ್ಟರಿಗೆ ಮತ್ತೊಮ್ಮೆ ತೋರಿಸಲಿಕ್ಕಿತ್ತು.

ನಮ್ಮ ಕಿರಿಯವಳಿಗೆ ಈಗ ಎರಡೂವರೆ ವರ್ಷ. ಅವಳಿಗೆ ಉಪ್ಪಪ್ಪ ಅಂದರೆ ಮೊಬೈಲಿನೊಳಗಿನ ಒಂದು ಮುಖ. ದಿನಾ ರಾತ್ರಿ ಆ ಮುಖಕ್ಕೆ ಮುತ್ತು ಕೊಟ್ಟೇ ಮಲಗುವುದು. ಆದರೆ ಅದೇ ಉಪ್ಪಪ್ಪ ಗಡ್ಡ, ಟೊಪ್ಪಿ, ಕೊಡೆ ಸಮೇತ ಬಾಗಿಲಲ್ಲಿ ನಿಂತಾಗ ತಾಯಿಯ ಹಿಂದೆ ಹೋಗಿ ಅಡಗಿದಳು. ಉಮ್ಮ ತಂದ ಕಲ್ತಪ್ಪದ ಆಸೆಗೆ ಅಜ್ಜಿಯ ಮಡಿಲಿಗೇನೋ ಬಂದಳು. ಉಪ್ಪ ಕೈ ಚಾಚಿದರೆ ಮಾತ್ರ ಓಟ. "ಮೊಬೈಲಲ್ಲಿ ಮುತ್ತು ಕೊಡ್ತದೆ, ಎದುರಿಗೆ ಬಂದರೆ ಓಡ್ತದೆ" ಎಂದು ಉಪ್ಪ ನಕ್ಕರು. ನಗು ತುಟಿಯಲ್ಲಿ ಮಾತ್ರ ಇತ್ತು.

ಗುರುವಾರ ಡಾಕ್ಟರು ಕಣ್ಣು ನೋಡಿ, ಇನ್ನು ತೊಂದರೆ ಇಲ್ಲ ಎಂದರು. ಶನಿವಾರ ಬೆಳಿಗ್ಗೆಯ ಬಸ್ಸಿಗೆ ಹೊರಡುವುದೆಂದು ಉಪ್ಪ ಆಗಲೇ ತೀರ್ಮಾನಿಸಿದ್ದರು. ಶುಕ್ರವಾರ ಮದ್ರಸಕ್ಕೆ ರಜೆ. ಅಸರ್ ನಮಾಝ್ ಮುಗಿಸಿ "ತಣ್ಣೀರುಬಾವಿಗೆ ಹೋಗಿ ಬರುವ" ಎಂದೆವು. "ಎಂತಕ್ಕೆ ಸುಮ್ಮನೆ ಖರ್ಚು?" ಎಂದರು ಉಪ್ಪ. ಉಮ್ಮ ಮಾತ್ರ ಆಗಲೇ ಚಪ್ಪಲಿ ಹಾಕಿಯಾಗಿತ್ತು.

ಸುಲ್ತಾನ್ ಬತ್ತೇರಿಯಲ್ಲಿ ಆಟೋ ಇಳಿದೆವು. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಕಾವಲು ಬುರುಜು ಅದು. ಮೊಣಕಾಲು ನೋವಿನ ಉಮ್ಮನಿಗೆ ಮೆಟ್ಟಿಲು ಹತ್ತಲಿಕ್ಕಾಗದು. ಕರಿಕಲ್ಲಿನ ಗೋಡೆಯನ್ನು ಹೊರಗಿನಿಂದಲೇ ನೋಡಿ, ಗುರುಪುರ ಹೊಳೆ ದಾಟಿಸುವ ಬೋಟು ಹತ್ತಿದೆವು. ಕೆಲವೇ ನಿಮಿಷಗಳ ದಾರಿ. ಆದರೆ ಇಂಜಿನ್ ಸದ್ದು ಮಾಡಿದ್ದೇ ತಡ, ಮಗು ಹೆದರಿ ಪಕ್ಕದಲ್ಲಿದ್ದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅದು ಉಪ್ಪನ ಕೈ.

ಉಪ್ಪ ಮೆಲ್ಲಗೆ ಬಾಗಿ ಅವಳ ಕಿವಿಯ ಹತ್ತಿರ "ಪೋಂ ಪೋಂ" ಎಂದರು. ಮಗು ಕಣ್ಣರಳಿಸಿದಳು. ಇನ್ನೊಮ್ಮೆ "ಪೋಂ ಪೋಂ". ಮಗು ಕಿಲಕಿಲ ನಕ್ಕಳು.

ಆ ಸದ್ದು ನಮಗೆ ಗೊತ್ತು. ಮೂವತ್ತು ವರ್ಷ ಉಪ್ಪ ಸೈಕಲಿನಲ್ಲಿ ಬೂತಾಯಿ, ಬಂಗುಡೆ ಮಾರಿದವರು. ಸೈಕಲಿನ ಹಾರ್ನ್ ಕೇಳಿದರೆ ಮನೆಮನೆಯ ಬೆಕ್ಕುಗಳು ಅಂಗಳಕ್ಕೆ ಬರುತ್ತಿದ್ದವು. ನಮ್ಮನ್ನು ಓದಿಸಿದ್ದು ಅದೇ ಹಾರ್ನ್.

ಆಚೆ ದಡದಲ್ಲಿ ಇಳಿದು ಸ್ವಲ್ಪ ನಡೆದರೆ ಕಡಲು. ತೆರೆ ಬಂದು ಪಾದ ಮುಟ್ಟಿದಾಗ ಮಗು ಬೊಬ್ಬೆ ಹಾಕಿ ಹಿಂದೆ ಓಡುವುದು, ತೆರೆ ಹೋದ ಕೂಡಲೇ ಮುಂದೆ ಓಡುವುದು. ಉಪ್ಪ ಮುಂಡು ಎತ್ತಿ ಕಟ್ಟಿ ಅವಳ ಜೊತೆ ನೀರಿಗಿಳಿದರು. ಸ್ವಲ್ಪ ಹೊತ್ತಿನ ಮೇಲೆ ನಮ್ಮ ಕಡೆ ತಿರುಗಿ, "ನಾನು ಕಡಲಿಗೆ ಕಾಲು ಹಾಕುವುದು ಇವತ್ತೇ ಮೊದಲು" ಎಂದರು.

ನಮಗೆ ಮಾತು ಹೊರಡಲಿಲ್ಲ. ಅಷ್ಟು ವರ್ಷ ಕಡಲಿನ ಮೀನು ಮಾರಿದವರು! ಮೀನು ಲಾರಿಯಲ್ಲಿ ಬರುತ್ತಿತ್ತು, ಉಪ್ಪ ಬೆಳ್ತಂಗಡಿಯಿಂದ ಈಚೆ ಬರಬೇಕಾದದ್ದೇ ಇರಲಿಲ್ಲ. ನಾವು ಮಂಗಳೂರಿಗೆ ಬಂದು ಹದಿನೈದು ವರ್ಷ ಆಯಿತು. ಒಂದು ಸಲವಾದರೂ ಕೇಳಿದೆವಾ?

ಮಗು ಮರಳಿನಲ್ಲಿ ಗುಂಡಿ ತೋಡಿದಳು. ಉಪ್ಪ ಬೊಗಸೆಯಲ್ಲಿ ನೀರು ತಂದು ಹೊಯ್ದರು. ನೀರು ಇಂಗಿತು. "ಇನ್ನೂ" ಎಂದಳು. ಮತ್ತೆ ತಂದರು. ಎಷ್ಟು ಸಲ ಎಂದು ಲೆಕ್ಕವಿಲ್ಲ. ಚರ್ಮುರಿ ಕೊಂಡರೆ ಅವಳು ಮಂಡಕ್ಕಿ ಮಾತ್ರ ಆರಿಸಿ ತಿಂದು, ನೀರುಳ್ಳಿಯನ್ನು ಒಂದೊಂದೇ ಹೆಕ್ಕಿ ಅಜ್ಜಿಯ ಬಾಯಿಗೆ ಹಾಕಿದಳು.

ಪ್ರವಾದಿಯವರು ಮೊಮ್ಮಗಳು ಉಮಾಮಳನ್ನು ಎತ್ತಿಕೊಂಡೇ ನಮಾಝ್ ಮಾಡಿದ್ದನ್ನು, ಸುಜೂದಿಗೆ ಹೋಗುವಾಗ ಇಳಿಸಿ, ಏಳುವಾಗ ಮತ್ತೆ ಎತ್ತಿಕೊಂಡದ್ದನ್ನು ನಾವು ಮಕ್ಕಳಿಗೆ ಹೇಳುತ್ತಲೇ ಬಂದಿದ್ದೇವೆ. ಹೇಳುವುದು ಸುಲಭ. ಉಪ್ಪ ಬೊಗಸೆ ನೀರು ಹೊತ್ತು ಬರುವುದನ್ನು ನೋಡುವಾಗ ಆ ಪಾಠ ನಮಗೇ ಈಗ ತಲೆಗೆ ಹತ್ತಿದ ಹಾಗಾಯಿತು.

ಆಟೋ, ಬೋಟು, ಚರ್ಮುರಿ ಎಲ್ಲ ಸೇರಿದರೂ ಡಾಕ್ಟರ ಒಂದು ಸಲದ ಫೀಸಿನಷ್ಟು ಆಗಲಿಲ್ಲ. ಹೋದದ್ದು ಎರಡು ಗಂಟೆ ಹೊತ್ತು. ವಾಪಸು ಬರುವಾಗ ಮಗು ಉಪ್ಪನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. "ಕೊಡಿ, ನಾವು ಎತ್ತಿಕೊಳ್ಳುತ್ತೇವೆ" ಎಂದರೆ ಕೊಡಲೇ ಇಲ್ಲ.

ಹಿರಿಯರು ಮನೆಗೆ ಬಂದರೆ ದಯವಿಟ್ಟು ಆಸ್ಪತ್ರೆಯಿಂದ ನೇರ ಬಸ್ ಸ್ಟ್ಯಾಂಡಿಗೆ ಕಳಿಸಬೇಡಿ. "ಬೇಡ, ಖರ್ಚು" ಎಂದೇ ಅವರು ಹೇಳುವುದು. ಆ ಮಾತನ್ನು ನಂಬಬೇಡಿ. ಮನೆಯ ಸಣ್ಣ ಮಗುವಿನ ಕೈಯನ್ನು ಅವರ ಕೈಗೆ ಕೊಟ್ಟು ಹೊರಡಿ.

ಈಗ ರಾತ್ರಿ ಫೋನ್ ಬಂದರೆ ನಮ್ಮವಳು ಮೊದಲು "ಪೋಂ ಪೋಂ" ಎನ್ನುತ್ತಾಳೆ. ಆ ಕಡೆಯಿಂದಲೂ "ಪೋಂ ಪೋಂ". ಮೊನ್ನೆ ಉಪ್ಪ ಮೆಲ್ಲಗೆ ಕೇಳಿದರು: "ಕಣ್ಣು ಇನ್ನೊಮ್ಮೆ ತೋರಿಸಲಿಕ್ಕೆ ಉಂಟಾ?" ಇಲ್ಲ ಎಂದೆವು. ಸುಮ್ಮನಾದರು.

"ಕಣ್ಣು ತೋರಿಸಲಿಕ್ಕೆ ಅಲ್ಲ, ಕಡಲು ನೋಡಲಿಕ್ಕೆ ಬನ್ನಿ ಉಪ್ಪ" ಎಂದೆವು.