ಕುದುರೆಗೆ ಲಾಳ, ಮಗಳಿಗೆ ಚಿಂತೆ

ಕೋಪರಖೈರಣೆಯಿಂದ ಮಾಥೆರಾನಿಗೆ ಹೋದಾಗ, ಕುದುರೆಗೆ ಲಾಳ ಹೊಡೆಯುವುದನ್ನು ಕಂಡು ಮಗಳು ಅತ್ತೇಬಿಟ್ಟಳು. "ಅಪ್ಪಾ, ಅದಕ್ಕ ನೋವಾಗೂದಿಲ್ಲೇನು?"

ಇಲ್ಲ. ಗೊರಸಿನ ಹೊರಗೋಡೆ ನಮ್ಮ ಉಗುರಿನಂತೆ, ಅಲ್ಲಿ ನರವಿಲ್ಲ. ಮೊಳೆ ಒಂದಿಷ್ಟು ಒಳಗೆ ಸರಿದರೆ ಮಾತ್ರ ಕುದುರೆ ಕುಂಟುತ್ತದೆ. ಕಾಡುಕುದುರೆಯ ಗೊರಸು ಬೆಳೆದಷ್ಟೇ ಸವೆಯುತ್ತದೆ. ಕಾರು ಬಿಡದ ಮಾಥೆರಾನಿನಲ್ಲಿ ದಿನವಿಡೀ ಜನರನ್ನು ಹೊರುವ ಕುದುರೆಗೆ ಸವೆತವೇ ಜಾಸ್ತಿ. ಅದನ್ನು ಲಾಳ ತಡೆದುಕೊಳ್ಳುತ್ತದೆ. ಗೊರಸು ಬೆಳೆಯುತ್ತಲೇ ಇರುವುದರಿಂದ 6-8 ವಾರಕ್ಕೊಮ್ಮೆ ಲಾಳ ಕಿತ್ತು, ಗೊರಸು ಕತ್ತರಿಸಿ, ಮತ್ತೆ ಹೊಡೆಯಬೇಕು. ಪೇವರ್ ಬ್ಲಾಕ್ ಹಾಸಿದಲ್ಲಿ ಅದೇ ಕಬ್ಬಿಣ ಜಾರುತ್ತದೆ ಎಂಬುದು ಕುದುರೆಯವರ ತಕರಾರು.

ವಿಜಯಪುರದ ಕಡೆಯ ನಮ್ಮೂರಲ್ಲಿ ಎತ್ತನ್ನು ಕೆಡವಿ, ಕಾಲು ಕಟ್ಟಿ ಲಾಳ ಹೊಡೆಯುತ್ತಿದ್ದರು. ಸೀಳುಗೊರಸಾದ್ದರಿಂದ ಕಾಲಿಗೆ ಎರಡು ತುಂಡು. ಇಲ್ಲಿ ಕುದುರೆ ನಿಂತೇ ಕಾಲು ಕೊಟ್ಟಿತ್ತು. ನಾಲ್ಕನೆಯದು ಮುಗಿಯುವವರೆಗೂ ಮಗಳು ಕದಲಲಿಲ್ಲ.