ಎಡೆದೊರೆನಾಡೂ ನೆರೆರಾಜ್ಯಗಳ ಮೈತ್ರಿಯೂ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವೆ ನಮ್ಮ ರಾಯಚೂರು, ಮಾನ್ವಿ, ದೇವದುರ್ಗಗಳಿರುವ ನಾಡಿಗೆ ಹಳೆಯ ಶಾಸನಗಳಲ್ಲಿ ಎಡೆದೊರೆ ಎಂದು ಹೆಸರು. ಪಾರಸಿ ಬಲ್ಲವರು ಇದನ್ನೇ ದೋಆಬ್ ಎಂದು ಕರೆದರು. ಎರಡು ರಾಜ್ಯಗಳ ನಡುವೆ ಸಿಕ್ಕ ನಾಡಿನಲ್ಲಿ ಅರಸರ ಮನಸ್ತಾಪದ ಫಲವನ್ನು ಮೊದಲು ಉಣ್ಣುವವನು ಒಕ್ಕಲಿಗನು. ಆದುದರಿಂದ ನೆರೆರಾಜ್ಯಗಳ ಮೈತ್ರಿಯು ಏತರಿಂದ ನಿಲ್ಲುತ್ತದೆ, ಏತರಿಂದ ಕೆಡುತ್ತದೆ ಎಂಬ ಪ್ರಶ್ನೆಯು ನಮ್ಮ ಊರುಗಳವರಿಗೆ ಬರಿಯ ಪಾಠದ ವಿಷಯವಲ್ಲ.

ವಿಜಯನಗರವು 1336ರಲ್ಲಿಯೂ ಬಹಮನಿ ರಾಜ್ಯವು 1347ರಲ್ಲಿಯೂ ಸ್ಥಾಪಿತವಾದುವು. ಈ ನಾಡಿನ ಕರಿಯ ನೆಲ, ರಾಯಚೂರು ಮುದಗಲ್ಲುಗಳ ಕೋಟೆಗಳು, ಹೊಳೆ ದಾಟುವ ಕಡವುಗಳು, ಇವುಗಳಿಗಾಗಿ ಎರಡೂ ಕಡೆಯ ದಂಡುಗಳು ಪದೇ ಪದೇ ಇಲ್ಲಿ ಇಳಿದುವು. ಹಾಗೆಂದು ಆ ಅರಸರು ಸ್ನೇಹಕ್ಕೆ ಯತ್ನಿಸಲೇ ಇಲ್ಲವೆಂದು ತಿಳಿಯಬಾರದು. ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಷ್ತಾನು ಅಂತಹ ಯತ್ನಗಳನ್ನು ಬರೆದಿಟ್ಟಿದ್ದಾನೆ.

ಮೊದಲನೆಯದು ವಿವಾಹಸಂಬಂಧ. 1406ರ ಯುದ್ಧದ ತರುವಾಯ ಒಂದನೆಯ ದೇವರಾಯನ ಮಗಳನ್ನು ಫಿರೋಜ್ ಷಾಹನಿಗೆ ಕೊಟ್ಟು, ಬಂಕಾಪುರವನ್ನು ಬಳುವಳಿಯಾಗಿ ಬಿಡಲಾಯಿತೆಂದು ಅವನು ಹೇಳುತ್ತಾನೆ. ಆದರೆ ಅಳಿಯನು ಹಿಂದಿರುಗುವಾಗ ಮಾವನು ಬಿಡಾರದ ತನಕ ಬಾರದೆ ನಡುದಾರಿಯಲ್ಲಿಯೇ ಬೀಳ್ಕೊಟ್ಟನಂತೆ. ಅಷ್ಟಕ್ಕೇ ಸುಲ್ತಾನನು ಮುನಿದನು. 1420ರ ಸುಮಾರಿಗೆ ಪಾನಗಲ್ಲಿನ ಬಳಿ ಎರಡು ಸೇನೆಗಳೂ ಮತ್ತೆ ಕಾದಾಡಿದುವು.

ಎರಡನೆಯದು ಪುತ್ರವಾತ್ಸಲ್ಯ. ಬಹಮನಿ ರಾಜ್ಯವು ಒಡೆದ ಮೇಲೆ ಬಿಜಾಪುರದಲ್ಲಿ 1558ರಲ್ಲಿ ಪಟ್ಟಕ್ಕೆ ಬಂದ ಅಲಿ ಆದಿಲ್ ಷಾಹನು, ರಾಮರಾಯನಿಗೆ ಪುತ್ರಶೋಕವಾದಾಗ ಸ್ವತಃ ವಿಜಯನಗರಕ್ಕೆ ಹೋಗಿ ಸಂತೈಸಿದನು. ರಾಮರಾಯನ ಪತ್ನಿಯು ಅವನನ್ನು ಮಗನೆಂದು ಬರಮಾಡಿಕೊಂಡಳು. ಇಲ್ಲಿಯೂ, ಹೊರಡುವ ಹೊತ್ತಿನಲ್ಲಿ ರಾಮರಾಯನು ಊರಾಚೆಯವರೆಗೆ ಕಳುಹಿಸಬರಲಿಲ್ಲವೆಂಬ ನೋವು ಅತಿಥಿಯ ಮನಸ್ಸಿನಲ್ಲಿ ಉಳಿಯಿತೆಂದು ಫೆರಿಷ್ತಾನು ಬರೆಯುತ್ತಾನೆ. 1565ರ ಜನವರಿಯಲ್ಲಿ ವಿಜಯನಗರವನ್ನು ಮುರಿದ ಸುಲ್ತಾನರ ಕೂಟದಲ್ಲಿ ಅವನೂ ಒಬ್ಬನಾಗಿದ್ದನು.

ಅತಿಥಿಯನ್ನು ಬಾಗಿಲ ತನಕ ಕಳುಹಿಸಬೇಕೆಂಬುದನ್ನು ನಮ್ಮ ಮನೆಗಳ ಸಣ್ಣ ಹುಡುಗಿಯರೂ ಬಲ್ಲರು. ಮರ್ಯಾದೆಯು ಅಲ್ಪವಾದುದೆಂದು ನಾವು ಹೇಳುವುದಿಲ್ಲ. ಆದರೆ ಕೋಟೆ ಯಾರದು, ಕಂದಾಯ ಯಾರಿಗೆ ಎಂಬ ನಿಜವಾದ ವ್ಯಾಜ್ಯವನ್ನು ಬಗೆಹರಿಸದೆ, ಇಬ್ಬರು ಅರಸರ ಮುಖದಾಕ್ಷಿಣ್ಯದ ಮೇಲೆ ನಿಲ್ಲಿಸಿದ ಸ್ನೇಹವು ಒಂದು ಹೆಜ್ಜೆ ಕಡಿಮೆಯಾದರೂ ಕುಸಿಯುತ್ತದೆ.

ಇದಕ್ಕಿಂತ ಗಟ್ಟಿಯಾದುದು ಕರಾರು. 1367ರ ಸುಮಾರಿನಲ್ಲಿ, ಘೋರವಾದ ಕಗ್ಗೊಲೆಗಳ ಬಳಿಕ, ವಿಜಯನಗರದ ರಾಯಭಾರಿಗಳು ಒಂದನೆಯ ಮಹಮ್ಮದ್ ಷಾಹನ ಮುಂದೆ ನಿಂತು, ಎರಡು ರಾಜ್ಯಗಳೂ ನೆರೆಯಲ್ಲಿಯೇ ಬಾಳತಕ್ಕವು, ನಿರಾಯುಧ ಪ್ರಜೆಗಳನ್ನು ಕೊಲ್ಲಬಾರದು ಎಂದು ಬೇಡಿದರು. ಸುಲ್ತಾನನು ಹಾಗೆಯೇ ಮಾತು ಕೊಟ್ಟನೆಂದೂ ಮುಂದೆ ಅದು ದಖ್ಖಣದಲ್ಲಿ ರೂಢಿಯಾಯಿತೆಂದೂ ಫೆರಿಷ್ತಾನು ಹೇಳುತ್ತಾನೆ. ಆ ರೂಢಿಯು ಎಷ್ಟೋ ವೇಳೆ ಮುರಿಯಲ್ಪಟ್ಟಿತು. ಆದರೂ ಅರಸರ ಗೌರವವನ್ನಲ್ಲದೆ ಪ್ರಜೆಯ ಪ್ರಾಣವನ್ನು ನೆನೆದ ಒಪ್ಪಂದ ಅದು.

ಅಂತಹುದೇ ಇನ್ನೊಂದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡರು. ತುಂಗಭದ್ರೆಗೆ ಅಣೆ ಕಟ್ಟುವ ಯೋಚನೆಯನ್ನು 1860ರಲ್ಲಿಯೇ ಇಂಜಿನಿಯರಾದ ಸರ್ ಆರ್ಥರ್ ಕಾಟನ್ನರು ಮಾಡಿದ್ದರು. ಆದರೆ ಹೊಳೆಯ ಒಂದು ದಡ ಮದರಾಸು ಪ್ರಾಂತದ್ದು, ಇನ್ನೊಂದು ನಿಜಾಮರ ಹೈದರಾಬಾದು ಸಂಸ್ಥಾನದ್ದು. ಮಾತುಕತೆಗೆ ಎಂಬತ್ತಕ್ಕೂ ಹೆಚ್ಚು ವರ್ಷಗಳು ಹಿಡಿದುವು. 1944ರ ಜೂನಿನಲ್ಲಿ ಒಪ್ಪಂದವಾಯಿತು. 1945ನೆಯ ಫೆಬ್ರವರಿ 28ರಂದು ಎರಡು ದಡಗಳಲ್ಲಿಯೂ ಅಸ್ತಿಭಾರ ಹಾಕಲಾಯಿತು. ಹೈದರಾಬಾದು 1948ರಲ್ಲಿ ಭಾರತದಲ್ಲಿ ಸೇರಿತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂದಿತು. ಕರಾರಿಗೆ ರುಜು ಹಾಕಿದ ಸರ್ಕಾರಗಳೇ ಹೋದುವು. ಕೆಲಸ ಮಾತ್ರ ನಿಲ್ಲಲಿಲ್ಲ. 1953ರಲ್ಲಿ ಕಾಲುವೆಗಳಿಗೆ ನೀರು ಬಿಡಲಾಯಿತು. ಎಡದಂಡೆಯ ಕಾಲುವೆಯು ಗಂಗಾವತಿ, ಸಿಂಧನೂರುಗಳನ್ನು ಹಾಯ್ದು ಮಾನ್ವಿ, ರಾಯಚೂರು ತಾಲ್ಲೂಕುಗಳ ಹೊಲಗಳಿಗೆ ಬಂದಿತು. ಕೃಷ್ಣೆಯ ಕಡೆಯ ದೇವದುರ್ಗಕ್ಕೆ ನಾರಾಯಣಪುರದ ಬಲದಂಡೆಯ ಕಾಲುವೆಯು ಆಮೇಲೆ ನೀರು ತಂದಿತು. ಆ ಹೊಳೆಯ ನೀರಿಗೂ ರಾಜ್ಯಗಳ ಪಾಲುಗಳು ನ್ಯಾಯಾಧಿಕರಣದಿಂದ ಗೊತ್ತಾಗಬೇಕಾಯಿತು.

ಈಗಲೂ ಎಲ್ಲವೂ ಸುಗಮವೆನ್ನುವಂತಿಲ್ಲ. ಕಾಲುವೆಯ ಕೊನೆಯಲ್ಲಿರುವ ನಮ್ಮ ರೈತರು, ಮೇಲಿನವರು ಮಿತಿಮೀರಿ ನೀರು ತೆಗೆದ ವರ್ಷ, ಒಣಗಿದ ಪೈರನ್ನು ನೋಡುತ್ತ ನಿಲ್ಲುತ್ತಾರೆ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೆಯ ಬಾಗಿಲು ಕೊಚ್ಚಿಹೋದಾಗ ಕರ್ಣಾಟಕದವರೂ ಆಂಧ್ರ, ತೆಲಂಗಾಣದವರೂ ಒಂದೇ ಭಯವನ್ನು ಅನುಭವಿಸಿದರು. ಕೆಲವೇ ದಿನಗಳಲ್ಲಿ ತಾತ್ಕಾಲಿಕ ತಡೆಯನ್ನು ಇಳಿಸಿ ಉಳಿದ ನೀರನ್ನು ಕಾಪಾಡಲಾಯಿತು. ನೆರೆಹೊರೆಯೆಂದರೆ ಇದೇ: ಒಬ್ಬರ ನಷ್ಟವು ಇನ್ನೊಬ್ಬರ ಲಾಭವಾಗದಂತೆ ಕಟ್ಟಿಕೊಂಡ ಬಾಳು.

ಸಮಾಧಾನವು ಬರಿಯ ಹಾರೈಕೆಯಿಂದ ಬಾರದು, ದುಡಿದು ಉಂಟುಮಾಡತಕ್ಕದ್ದು ಎಂದು ನಮ್ಮ ಶಾಲೆಗಳು ಕಲಿಸುತ್ತ ಬಂದಿವೆ. ಹಳೆಯ ವಿದ್ಯಾರ್ಥಿನಿಯರೇ, ಪೋಷಕರೇ, ನಿಮ್ಮ ಮಕ್ಕಳಿಗೆ ರಾಯಚೂರಿನ ಕೋಟೆಯನ್ನು ತೋರಿಸುವಿರಷ್ಟೆ? ಅದೇ ದಿನ ಅವರನ್ನು ಮಾನ್ವಿಯ ದಾರಿಯಲ್ಲಿ ಕಾಲುವೆಯ ದಂಡೆಗೂ ಕರೆದುಕೊಂಡು ಹೋಗಿರಿ. ಅದನ್ನು ತರಲು ಎಷ್ಟು ವರ್ಷಗಳ ಮಾತುಕತೆ ಬೇಕಾಯಿತೆಂಬುದನ್ನೂ ತಿಳಿಸಿರಿ.